ತಾತನ ಬಾಯಿ, ಅಣ್ಣನ ಕಾರ್ಡು

ನಮ್ಮ ಬೀದಿಯಲ್ಲಿ ಇದುವರೆಗೆ ನಡೆದ ಕಿತಾಪತಿಗಳಲ್ಲಿ ಅತಿ ದೊಡ್ಡದು ಯಾರದು ಅಂತ ಯಾರನ್ನಾದರೂ ಕೇಳಿ, ನನ್ನ ಹೆಸರೇ ಬರುತ್ತದೆ. ಅರವತ್ತು ಮೆನು ಕಾರ್ಡು, ಮೂರು ಸಾವಿರ ಕರಪತ್ರ, ಎಲ್ಲದರಲ್ಲೂ ನಮ್ಮ ಹೋಟೆಲಿನ ಒಲೆ ಕನಸಿನಲ್ಲೂ ಕಾಣದ ನಾಲ್ಕು ಅಡುಗೆ. ನಾಲ್ಕನ್ನೂ ಸೇರಿಸಿದ್ದು ನಾನೇ. ಒಂದೇ ಪೆನ್ನು, ಒಂದೇ ಮಧ್ಯಾಹ್ನ. ಅಚ್ಚಿಗೆ ಹೋಗುವ ಮೊದಲು ಮನೆಯ ನಾಲ್ಕು ಜನ ಅದಕ್ಕೆ ಸಹಿ ಹಾಕಿದರು, ಒಬ್ಬರ ಕಣ್ಣಿಗೂ ಬೀಳಲಿಲ್ಲ. ಸಿನಿಮಾದಲ್ಲಿ ಹೀರೋ ಬಾಂಬ್ ಇಟ್ಟು ನಡೆದು ಬರುವಾಗ ಹಿಂತಿರುಗಿ ನೋಡುವುದಿಲ್ಲ. ನಾನು ನೋಡಿಬಿಟ್ಟೆ. ಸ್ಟೈಲ್ ಕೆಟ್ಟಿದ್ದು ಅಲ್ಲೇ.

ಮನೆಯಲ್ಲಿ ನನ್ನನ್ನು ರೀಲು ಅಂತಾರೆ. ಮಾತಿಗಿಂತ ಬುರುಡೆ ಹೆಚ್ಚು, ಬುರುಡೆಗಿಂತ ಡೈಲಾಗ್ ಹೆಚ್ಚು ಅಂತ. ಮನೆಗೆ ಕಿರಿ ಮಗಳು, ವಯಸ್ಸು ಇಪ್ಪತ್ತು. ಕೆಳಗೆ ಹತ್ತು ಟೇಬಲ್ಲಿನ ಹೋಟೆಲು, ಮೇಲೆ ಮೂರು ಕೋಣೆಯ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ಒಲೆ ಅಮ್ಮನದು, ಗಲ್ಲಾ ಅಪ್ಪನದು. ಹಾಲ್ ತಾತನದು. ಪ್ಲೇಟು ಹೊರುವುದು, ನೀರು ಇಡುವುದು, ಬೈಸಿಕೊಳ್ಳುವುದು ನನ್ನದು. ಅಣ್ಣ ಆರು ವರ್ಷ ಒಂದು ಸೋಫಾ ಅಂಗಡಿಯಲ್ಲಿ ಸೇಲ್ಸ್ ಮಾಡಿ, ಅದು ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದಿದ್ದ. ಅವನಿಗೆ ಇನ್ನೂ ಯಾವ ಮೂಲೆಯೂ ಸಿಕ್ಕಿರಲಿಲ್ಲ. ಅದಕ್ಕೇ ಎಲ್ಲ ಮೂಲೆಯಲ್ಲೂ ಇರುತ್ತಿದ್ದ.

ನಮ್ಮ ಹೋಟೆಲಿನಲ್ಲಿ ಅಲ್ಲಿಯವರೆಗೆ ಮೆನು ಕಾರ್ಡು ಅಂತ ಇರಲೇ ಇಲ್ಲ. ತಾತನೇ ಮೆನು. ಗಿರಾಕಿ ಕೂತ ತಕ್ಷಣ ತಾತ ಹೋಗಿ ಎರಡು ಕೈಯನ್ನೂ ಟೇಬಲ್ಲಿನ ಮೇಲೆ ಊರಿ, ಒಂದು ಕ್ಷಣ ಮುಖ ನೋಡಿ, ಆಮೇಲೆ ಬಾಯಿ ಬಿಡುತ್ತಿದ್ದ. ಕೆಮ್ಮುವವರಿಗೆ ಕರಿದದ್ದರ ಹೆಸರನ್ನೇ ಎತ್ತುತ್ತಿರಲಿಲ್ಲ. ಸುಸ್ತಾಗಿ ಬಂದವರಿಗೆ ಸೂಪಿನಿಂದ ಶುರು. ಒಳಗೆ ಅಮ್ಮನ ಕೈ ಸೋತಿದೆ ಅಂತ ಗೊತ್ತಾದರೆ, ಹತ್ತು ನಿಮಿಷಕ್ಕಿಂತ ಹೆಚ್ಚು ಬೇಯುವ ಐಟಂಗಳೆಲ್ಲ ಅವತ್ತಿಗೆ ಮಾಯ. ಕಣ್ಣು ಮಂಜಾಗಿ ಪೇಪರ್ ಓದುವುದು ಬಿಟ್ಟು ಎರಡು ವರ್ಷವಾಗಿತ್ತು. ಮುಖ ಮಾತ್ರ ಓದುತ್ತಿದ್ದ.

ಬೀದಿಯ ಮೂಲೆಯಲ್ಲಿ ಹೊಸ ಹೋಟೆಲು ತೆರೆಯಿತು. ಗಾಜಿನ ಬಾಗಿಲು, ಪ್ರತಿ ಟೇಬಲ್ಲಿಗೂ ಮಡಚುವ ಕಾರ್ಡು, ಬಸ್ ಸ್ಟಾಪಿನಲ್ಲಿ ಕರಪತ್ರ. ಎರಡೇ ವಾರದಲ್ಲಿ ನಮ್ಮ ಮಧ್ಯಾಹ್ನದ ಗದ್ದಲ ಅರ್ಧಕ್ಕೆ ಇಳಿಯಿತು. ಅಣ್ಣ ಪ್ರೆಸ್ಸಿನಿಂದ ಸ್ಯಾಂಪಲ್ಲುಗಳ ದಪ್ಪ ಆಲ್ಬಮ್ ಹೊತ್ತು ತಂದ.

ನಾವು ಉಣ್ಣುವುದು ಮೂರು ಗಂಟೆಗೆ, ಹಾಲ್ ಖಾಲಿಯಾದ ಮೇಲೆ, ಹತ್ತನೇ ಟೇಬಲ್ಲಿನಲ್ಲಿ. ಅಣ್ಣ ಅನ್ನದ ಪಾತ್ರೆ ಪಕ್ಕಕ್ಕೆ ಸರಿಸಿ ಆಲ್ಬಮ್ ಬಿಚ್ಚಿದ.

"ಇದು ಹೊಳೆಯೋ ಕಾಗದ. ಇದು ಹೊಳೆಯದ್ದು. ಕಪ್ಪು ಹಿನ್ನೆಲೆ, ಚಿನ್ನದ ಅಕ್ಷರ. ಹೇಗಿದೆ?"

"ಒರೆಸೋಕ್ಕಾಗುತ್ತಾ?" ಅಂದಳು ಅಮ್ಮ.

"ಏನನ್ನ?"

"ಎಣ್ಣೆ ಕೈಯಲ್ಲಿ ಮುಟ್ತಾರೆ. ಒದ್ದೆ ಬಟ್ಟೇಲಿ ಒರೆಸಿದ್ರೆ ಅಕ್ಷರ ನಿಲ್ಲುತ್ತಾ ಅಂತ."

"ಅಮ್ಮ, ಇದು ಬ್ರ್ಯಾಂಡಿಂಗು."

"ಸರಿ. ಅದನ್ನ ಒರೆಸೋಕ್ಕಾಗುತ್ತಾ?"

ಅಪ್ಪ ತನ್ನ ತಟ್ಟೆಯಿಂದ ತಲೆ ಎತ್ತಿದ. "ನನ್ನ ಫೋನ್ ನಂಬರ್ ಸರಿಯಾಗಿ ಹಾಕ್ಸು. ಬೋರ್ಡಿನಲ್ಲಿ ಒಂದು ಅಂಕಿ ತಪ್ಪಿದ್ದಕ್ಕೆ ಆ ಟೈರ್ ಅಂಗಡಿಯವನು ಎರಡು ವರ್ಷ ನಮ್ಮ ಆರ್ಡರ್ ತಗೊಂಡಿದ್ದಾನೆ."

"ತಗೊಂಡು ಏನು ಮಾಡ್ತಿದ್ದ?" ಅಂದೆ ನಾನು.

"ಮೊದಮೊದಲು ಬೈತಿದ್ದನಂತೆ. ಆಮೇಲೆ ಬರೆದುಕೊಂಡು ಬಂದು ಕೊಡೋಕ್ಕೆ ಶುರು ಮಾಡಿದ. ಒಳ್ಳೇ ಮನುಷ್ಯ."

ತಾತ ಆಲ್ಬಮ್ಮನ್ನು ತನ್ನ ಕಡೆಗೆ ಎಳೆದುಕೊಂಡು ಒಂದು ಕಾರ್ಡನ್ನು ಬೆರಳಲ್ಲಿ ಸವರಿದ. "ಇದು ಯಾರಿಗೆ ಕೊಡೋದು?"

"ಗಿರಾಕಿಗೆ, ತಾತ. ಕೂತ ತಕ್ಷಣ ಕೈಗೆ."

"ಮತ್ತೆ ನಾನು ಯಾರಿಗೆ?"

ಅಣ್ಣನ ಕಿವಿ ಕೆಂಪಾಯಿತು. "ನೀನು ಬಾಗಿಲಲ್ಲಿ ಕೂತ್ಕೋ. ಬನ್ನಿ ಅನ್ನು. ದಿನವಿಡೀ ನಿಂತು ನಿನ್ನ ಮಂಡಿ ಊದಿಕೊಳ್ಳಲ್ವಾ?"

"ಬಾಗಿಲಿಗೆ ಬಾಗಿಲೇ ಇದೆಯಲ್ಲೋ," ಅಂದ ತಾತ. ಅಷ್ಟು ಹೇಳಿ ಊಟ ಮುಂದುವರಿಸಿದ. ಆದರೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಮುಂದಿನ ವಾರವೆಲ್ಲ ಮನೆಯಲ್ಲಿ ಕಾಗದದ್ದೇ ಮಾತು. ಬಾಗಿಲ ಹಿಡಿಗೆ ನೇತುಹಾಕುವ ಚೀಟಿ ಬೇಕೆಂದು ಅಣ್ಣ, ಬೇಡವೆಂದು ಅಪ್ಪ. ತಟ್ಟೆಯ ಕೆಳಗೆ ಹಾಸುವ ಕಾಗದ ಬೇಕೆಂದು ಅಪ್ಪ, ಅದನ್ನು ಎತ್ತಿ ಎಸೆಯುವುದು ಯಾರೆಂದು ಅಮ್ಮ. ಕರಪತ್ರದ ಮೇಲೆ ಹಾಕಲು ಅಣ್ಣ ಎಲ್ಲಿಂದಲೋ ಒಂದು ಹೊಗೆಯಾಡುವ ಸೂಪಿನ ಫೋಟೋ ತಂದ. ಅಮ್ಮ ಸೌಟು ಹಿಡಿದೇ ಬಂದು ನೋಡಿದಳು.

"ಇದು ಯಾರು ಮಾಡಿದ್ದು?"

"ಯಾರೂ ಮಾಡಿದ್ದಲ್ಲ. ಫೋಟೋ ಅಷ್ಟೆ."

"ಹಾಗಾದ್ರೆ ಬಂದವರಿಗೆ ಫೋಟೋನೇ ಬಡಿಸು."

ಕೊನೆಗೆ ಒಪ್ಪಂದವಾಯಿತು. ಪ್ಲಾಸ್ಟಿಕ್ ಹೊದಿಕೆ ಹಾಕಿದ ಮೆನು ಕಾರ್ಡು ಅರವತ್ತು, ಅದೇ ಪಟ್ಟಿ ಇರುವ, ಮೂರಾಗಿ ಮಡಚುವ ಕರಪತ್ರ ಮೂರು ಸಾವಿರ. ಫೋಟೋ ಇಲ್ಲ. ಫೋನ್ ನಂಬರ್ ಮೂರು ಕಡೆ. ಪ್ರೆಸ್ ನಡೆಸುವ ಅಕ್ಕ ಎಲ್ಲವನ್ನೂ ಬರೆದುಕೊಂಡು ಕನ್ನಡಕ ಹಣೆಗೇರಿಸಿದಳು.

"ಸರಿ, ಮ್ಯಾಟರ್ ಕೊಡಿ."

"ಯಾವ ಮ್ಯಾಟರ್?" ಅಂದ ಅಣ್ಣ.

"ಪಟ್ಟಿ ಕಣಪ್ಪ. ಏನೇನು ತಿಂಡಿ, ಏನೇನು ಊಟ. ಅಚ್ಚು ಹಾಕೋದು ನಾನು, ಅಡುಗೆ ಮಾಡೋದು ನೀವು."

ಪಟ್ಟಿ ಯಾರ ಹತ್ತಿರವೂ ಇರಲಿಲ್ಲ. ಅಮ್ಮನಿಗೆ ಕೇಳಿದ್ದನ್ನು ಮಾಡಲು ಗೊತ್ತು, ಕೇಳದೆ ಹೇಳಲು ಗೊತ್ತಿಲ್ಲ. ಅಪ್ಪನಿಗೆ ರೇಟು ಗೊತ್ತು, ಅದೂ ಪ್ಲೇಟು ನೋಡಿದರೆ. ಇಡೀ ಪಟ್ಟಿ ಇದ್ದದ್ದು ಒಂದೇ ಬಾಯಲ್ಲಿ.

ಮಾರನೇ ದಿನ ಮಧ್ಯಾಹ್ನ ಅಣ್ಣ ನೋಟ್‌ಬುಕ್ ಹಿಡಿದು ತಾತನ ಎದುರು ಕೂತ. "ಹೇಳು ತಾತ. ಒಂದನೇದರಿಂದ."

ತಾತ ಅವನ ಮುಖ ನೋಡಿದ. ಬಾಯಿ ತೆರೆದ. ಮುಚ್ಚಿದ. "ಬರ್ತಿಲ್ಲ."

"ಬರ್ತಿಲ್ಲ ಅಂದ್ರೆ? ನಲವತ್ತು ವರ್ಷದಿಂದ ಹೇಳ್ತಿದ್ದೀಯ."

"ನಿನ್ನ ಮುಖದಲ್ಲಿ ಹಸಿವೇ ಇಲ್ಲ. ಈಗಷ್ಟೇ ಉಂಡಿದ್ದೀಯ. ನಾನು ಏನಂತ ಹೇಳ್ಲಿ?"

ಅಣ್ಣ ಪೆನ್ನು ಕೆಳಗಿಟ್ಟು ಸೂರು ನೋಡಿದ. ಇಂಥ ಹೊತ್ತಿನಲ್ಲೇ ಅಲ್ಲವೇ ನಮ್ಮಂಥವರ ಎಂಟ್ರಿ. "ಪಕ್ಕಕ್ಕೆ ಸರಿ," ಅಂದೆ. "ಹಸಿವು ಅಂದ್ರೆ ಏನು ಅಂತ ನಾನು ತೋರಿಸ್ತೀನಿ. ಲೈಟ್ಸ್ ಆಫ್ ಮಾಡಿ, ಹಿಂದೆ ಪಿಟೀಲು."

ಅಪ್ಪನ ಹಳೇ ಕೋಟು ಹಾಕಿ, ಹಣೆಗೆ ಟವೆಲ್ ಸುತ್ತಿ, ತಲೆನೋವಿನ ಗುಮಾಸ್ತನಾಗಿ ನಾಲ್ಕನೇ ಟೇಬಲ್ಲಿಗೆ ಬಂದು ಬಿದ್ದೆ. ತಾತನ ಮುಖ ಅರಳಿತು. ಎರಡು ಕೈ ಊರಿದ. ಬೇಳೆ ಸೂಪು, ಮೆಣಸು ಹಾಕಿದ ಮೊಟ್ಟೆ, ಬೆಣ್ಣೆ ಸವರಿದ ಬಿಸಿ ಬ್ರೆಡ್ಡು, ಹಬೆಯಲ್ಲಿ ಬೆಂದ ಕ್ಯಾರೆಟ್ಟು, ಒಂದರ ಹಿಂದೆ ಒಂದು. ನನ್ನ ಬೆನ್ನ ಹಿಂದೆ ಕೂತು ಅಣ್ಣ ಸರಸರ ಬರೆದ. ಆಮೇಲೆ ನಾನು ಎರಡು ಮಕ್ಕಳ ತಾಯಿಯಾದೆ. ಮಕ್ಕಳು ಅಂದರೆ ಎರಡು ನೀರಿನ ಜಗ್ಗು, ಒಂದಕ್ಕೆ ನೆಗಡಿ. ತಾತ ಜಗ್ಗುಗಳ ಕಡೆಗೂ ಬಗ್ಗಿ ನೋಡಿ, "ಇವನಿಗೆ ಖಾರ ಬೇಡ ಅಲ್ವಾ ಅಮ್ಮ?" ಅಂತ ಕೇಳಿ, ಇನ್ನೂ ಹನ್ನೆರಡು ಐಟಂ ಹೇಳಿದ.

ಅಷ್ಟರಲ್ಲಿ ಹೊರಗೆ ತರಕಾರಿ ಗಾಡಿ ಬಂತು. ಅಣ್ಣ ನೋಟ್‌ಬುಕ್ಕನ್ನು ನನ್ನ ತೊಡೆಯ ಮೇಲೆ ಎಸೆದ. "ನೀನೇ ಬರ್ಕೊ. ಹೇಳಿದ್ದನ್ನ ಮಾತ್ರ."

ಪೆನ್ನು ನನ್ನ ಕೈಗೆ ಬಂತು. ಮಂಗನ ಕೈಗೆ ಮೈಕ್ ಸಿಕ್ಕ ಹಾಗೆ. ಅಮ್ಮನ ಶಾಲು ಹೊದ್ದು, ಬಹಳ ದೂರದಿಂದ ನಡೆದು ಬಂದ ಮುದುಕಿಯಾಗಿ ಕೂತೆ. ತಾತ ಹೇಳುತ್ತಾ ಹೋದ, ನಾನು ಶಾಲಿನ ಒಳಗೆ ಬರೆಯುತ್ತಾ ಹೋದೆ. ಹೇಳಿದ್ದನ್ನೂ ಬರೆದೆ, ಹೇಳದ್ದನ್ನೂ ಬರೆದೆ. ಕಿತ್ತಳೆ ರಸದಲ್ಲಿ ಬೆಂದ ಮೀನು. ಏಳು ಪದರದ ಆಮ್ಲೆಟ್. ಕಡಲೆಬೀಜ ತುಂಬಿದ ಸೌತೆಕಾಯಿ. ಬೂದಿಯಲ್ಲಿ ಸುಟ್ಟ ಈರುಳ್ಳಿ, ಮೇಲೆ ಬೆಲ್ಲ. ನನ್ನ ಲೆಕ್ಕಾಚಾರ ಸರಳ. ಪ್ರೂಫ್ ಓದುವಾಗ ಅಣ್ಣ "ಕಿತ್ತಳೆ ರಸದ ಮೀನಾ?" ಅಂತ ಅರಚುತ್ತಾನೆ, ನಾನು ಶಾಲು ಬೀಸಿ ಡೈಲಾಗ್ ಹೊಡೆಯುತ್ತೇನೆ, ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ, ತಾತನೂ. ಸೀನ್ ಕಟ್.

ಆದರೆ ನಮ್ಮ ಮನೆಯವರು ಪ್ರೂಫ್ ಓದುವ ರೀತಿಯೇ ಬೇರೆ. ಪ್ರತಿಯೊಬ್ಬರೂ ತಮ್ಮ ಪಾಲಿನದ್ದನ್ನು ಮಾತ್ರ ಓದುತ್ತಾರೆ.

ಪ್ರೆಸ್ ಅಕ್ಕ ಪ್ರೂಫ್ ಕಳಿಸಿ, "ಎಲ್ಲರೂ ನೋಡಿ ಸಹಿ ಹಾಕಿ, ಆಮೇಲೆ ನನ್ನ ಮೇಲೆ ಬರಬೇಡಿ" ಅಂದಿದ್ದಳು. ಅಣ್ಣ ಚಿನ್ನದ ಅಂಚು ನೋಡಿದ, ಅಳತೆಪಟ್ಟಿ ಇಟ್ಟು ನಾಲ್ಕೂ ಕಡೆ ಅಳೆದ, ಸಹಿ ಹಾಕಿದ. ಅಮ್ಮ ಒದ್ದೆ ಬಟ್ಟೆಯಿಂದ ಪ್ರೂಫಿನ ಮೂಲೆ ಒರೆಸಿ, ಅಕ್ಷರ ನಿಂತಿದ್ದು ಕಂಡು, ಸಹಿ ಹಾಕಿದಳು. ಅಪ್ಪ ಕಾರ್ಡಿನಲ್ಲಿದ್ದ ನಂಬರ್ ನೋಡಿ ನೋಡಿ ಗಲ್ಲಾದ ಫೋನಿನಿಂದ ಒತ್ತಿದ. ಜೇಬಿನಲ್ಲಿದ್ದ ಫೋನ್ ಹೊಡೆದುಕೊಂಡಿತು. ತೆಗೆದು, "ಹಲೋ, ಯಾರು?" ಅಂದ. ಇನ್ನೊಂದು ಕಿವಿಯಲ್ಲೂ ಅದೇ ಕೇಳಿದ ಮೇಲೆ ಸಹಿ ಹಾಕಿದ. ರೇಟುಗಳನ್ನೂ ಅವನೇ ತುಂಬಿದ್ದ. ಹೊಸ ಹೆಸರುಗಳ ಮುಂದೆ ಪೆನ್ನು ನಿಲ್ಲಿಸಿ, "ಇದು ನಿಮ್ಮಮ್ಮ ಹೊಸದಾಗಿ ಶುರು ಮಾಡಿದ್ದಾ?" ಅಂತ ನನ್ನನ್ನೇ ಕೇಳಿದ. "ಇರಬೇಕು," ಅಂದೆ.

ತಾತನಿಗೆ ನಾನೇ ಓದಿ ಹೇಳಿದೆ. ಹಾರಿಸಬೇಕಾದ್ದನ್ನು ಹಾರಿಸಿ ಓದಿದೆ. ಅವನು ಕಣ್ಣು ಮುಚ್ಚಿ ಒಂದೊಂದಕ್ಕೂ ತಲೆಯಾಡಿಸಿ, ಕಾಗದದ ಅಂಚು ಮುಗಿಯುವ ತನಕ ಉದ್ದದ ಸಹಿ ಹಾಕಿದ. ಈಗ ಹೇಳಿಬಿಡಲಾ ಅಂತ ಎರಡು ಸಲ ಬಾಯಿಗೆ ಬಂತು. ಅಣ್ಣ ಆಗಲೇ ಪ್ರೂಫ್ ಕಿತ್ತುಕೊಂಡು ಪ್ರೆಸ್ಸಿಗೆ ಓಡಿಯಾಗಿತ್ತು. ಇರಲಿ, ಅಚ್ಚಾಗಿ ಬಂದರೆ ನಗು ಇನ್ನೂ ಜೋರಾಗಿರುತ್ತದೆ ಅಂದುಕೊಂಡೆ.

ಕಾರ್ಡುಗಳು ಬಂದ ದಿನ ಅಣ್ಣ ಹೊಸ ಶರ್ಟ್ ಹಾಕಿದ್ದ. ಬೆಳಿಗ್ಗೆಯೇ ಬಸ್ ಸ್ಟಾಪಿನಲ್ಲಿ ನಾನೂರು ಕರಪತ್ರ ಹಂಚಿ ಬಂದಿದ್ದ. ಮಧ್ಯಾಹ್ನ ಹಾಲ್ ತುಂಬಿತು, ನಿಜ. ತಾತ ಮಾಮೂಲಿನಂತೆ ಎರಡನೇ ಟೇಬಲ್ಲಿಗೆ ಹೋಗಿ ಕೈ ಊರಿ ನಿಂತ. ಕೂತಿದ್ದ ಮೂರು ಜನವೂ ಕಾರ್ಡು ಎತ್ತಿ ಹಿಡಿದಿದ್ದರು. ತಾತ ಎಡಕ್ಕೆ ಬಗ್ಗಿದ, ಬಲಕ್ಕೆ ಬಗ್ಗಿದ. ಕೈ ಎತ್ತಿಕೊಂಡು ಗೋಡೆಯ ಹತ್ತಿರ ಬಂದು ನಿಂತ.

"ಮುಖಾನೇ ಕಾಣಲ್ಲ ಕಣೇ," ಅಂದ ನನಗೆ.

ಅಡುಗೆಮನೆಯಲ್ಲಿ ಬೇರೆ ಸಿನಿಮಾ ನಡೆಯುತ್ತಿತ್ತು.

"ಎರಡು ಏಳು ಪದರದ ಆಮ್ಲೆಟ್," ಅಂತ ಅಣ್ಣ ಕಿಂಡಿಯಲ್ಲಿ ಕೂಗಿದ.

"ಎಷ್ಟು ಪದರ?"

"ಏಳು."

"ಮೊಟ್ಟೆಗೆ ಇರೋದೇ ಎರಡು ಬಣ್ಣ, ಏಳು ಪದರ ಎಲ್ಲಿಂದ ತರ್ಲಿ?"

"ಕಾರ್ಡಿನಲ್ಲಿದೆ ಅಮ್ಮ. ಆಮೇಲೆ ಒಂದು ಕಿತ್ತಳೆ ರಸದ ಮೀನು. ಬ್ಯಾಂಕಿನ ಕ್ಯಾಷಿಯರ್ ಬೂದಿ ಈರುಳ್ಳಿ ಕೇಳ್ತಿದ್ದಾರೆ."

ಅಮ್ಮ ಒಲೆ ಆರಿಸಿ ಹೊರಗೆ ಬಂದಳು. ಇಪ್ಪತ್ತೆಂಟು ವರ್ಷದಲ್ಲಿ ಊಟದ ಹೊತ್ತಿನಲ್ಲಿ ಅವಳು ಒಲೆ ಆರಿಸಿದ್ದನ್ನು ನಾವು ಯಾರೂ ನೋಡಿರಲಿಲ್ಲ. ಕಾರ್ಡು ತೆಗೆದುಕೊಂಡು ಮೇಲಿಂದ ಕೆಳಗೆ ಮೊದಲ ಸಲ ಓದಿದಳು. "ನಾನು ಬಂದ ಮೇಲೆ ಈ ಅಡುಗೆಮನೇಲಿ ಗ್ಯಾಸ್ ಬಿಟ್ಟು ಬೇರೆ ಉರಿದಿಲ್ಲ. ಬೂದಿ ನಿಮ್ಮಪ್ಪನ ತಲೆಯಿಂದ ತರ್ಲಾ?"

ಅವತ್ತು ಹನ್ನೊಂದು ಜನ ಎದ್ದು ಹೋದರು. ಮೂಲೆಯ ಹೋಟೆಲಿಗೇ ಹೋದರು, ನಮ್ಮ ಕಿಟಕಿಯಿಂದ ಕಾಣುತ್ತಿತ್ತು.

ಮೂರು ಗಂಟೆಗೆ ಹತ್ತನೇ ಟೇಬಲ್ಲಿನಲ್ಲಿ ಅನ್ನ ಹಾಗೇ ಆರುತ್ತಿತ್ತು.

"ನೀನೇ ತಾನೇ ಓದಿ ಸಹಿ ಹಾಕಿದ್ದು?" ಅಮ್ಮ ಅಣ್ಣನನ್ನು ಕೇಳಿದಳು.

"ನೀನೂ ಹಾಕಿದ್ದೀಯ."

"ನಾನು ಒರೆಸಿ ನೋಡೋಕ್ಕೆ ಹಾಕಿದ್ದು."

"ಎಲ್ಲಾ ತಾತ ಹೇಳಿದ್ದೇ ಇರೋದು. ಒಂದಕ್ಷರ ನಾನು ಸೇರಿಸಿಲ್ಲ." ಅಣ್ಣ ನನ್ನ ಕಡೆ ತಿರುಗಿದ. "ನೋಟ್‌ಬುಕ್ಕಿನಲ್ಲಿ ಈ ನಾಲ್ಕೂ ನಿನ್ನ ಕೈಬರಹ. ತಾತ ಹೇಳಿದ್ದನ್ನೇ ಬರೆದೆ ತಾನೇ?"

ಇದು ನಾನು ಕಾದಿದ್ದ ಸೀನ್. ನಗುವವರು ಮಾತ್ರ ಯಾರೂ ಇರಲಿಲ್ಲ. ಅಮ್ಮನ ಕೈಯಲ್ಲಿ ಸೌಟು, ಅಣ್ಣನ ಹೊಸ ಶರ್ಟಿನ ಬೆನ್ನು ಪೂರ್ತಿ ಒದ್ದೆ.

"ಹೇಳಿದ್ದನ್ನೇ ಬರೆದೆ," ಅಂದೆ.

"ನಾನು ಹೇಳಿದ್ನಾ?" ಅಂದ ತಾತ. ಯಾರನ್ನೂ ಕೇಳಿದ್ದಲ್ಲ. ಟೇಬಲ್ಲಿನ ಮೇಲೆ ತನ್ನ ಎರಡು ಕೈಯನ್ನೂ ನೋಡುತ್ತಿದ್ದ. "ಕಿತ್ತಳೆ ರಸದ ಮೀನು ಅಂತ ನಾನು ಹೇಳಿದ್ನಾ?"

ಅಮ್ಮ ದನಿ ಇಳಿಸಿದಳು. "ಬಿಡಿ ಮಾವ. ವಯಸ್ಸಾದ ಮೇಲೆ ಒಂದು ಹೋಗಿ ಒಂದು ಬರುತ್ತೆ. ಊಟ ಮಾಡಿ."

ಅವಳು ಬೈದಿದ್ದರೇ ಚೆನ್ನಾಗಿತ್ತು. ತಾತ ತಟ್ಟೆ ಮುಂದಕ್ಕೆ ಎಳೆದುಕೊಂಡ, ತಿನ್ನಲಿಲ್ಲ. ಮಾರನೇ ದಿನ ಅವನು ಹದಿನಾಲ್ಕು ಮೆಟ್ಟಿಲು ಇಳಿದು ಬರಲಿಲ್ಲ. ಮಂಡಿನೋವು ಅಂದ. ಅದರ ಮಾರನೇ ದಿನವೂ ಮಂಡಿನೋವು.

ಮೂರು ವಾರ ಹಾಗೇ ಹೋಯಿತು. ಮೇಲೆ ತಾತ ಬೆಳ್ಳುಳ್ಳಿ ಸುಲಿಯುತ್ತಿದ್ದ, ಮುಗಿದರೆ ಈರುಳ್ಳಿ, ಅದೂ ಮುಗಿದರೆ ಕಿಟಕಿಗೂ ಬಾಗಿಲಿಗೂ ನಡುವೆ ಓಡಾಟ. ಅವನ ಹೆಜ್ಜೆ ಕೆಳಗೆ ಹಾಲಿನಲ್ಲಿ ಕೇಳಿಸುತ್ತಿತ್ತು. ಗಿರಾಕಿಗಳು ತಲೆಯೆತ್ತಿ ನೋಡಿ, "ತಾತ ಎಲ್ಲಿ?" ಅಂತಿದ್ದರು. ಅಪ್ಪ ಬೆರಳು ಮೇಲಕ್ಕೆ ತೋರಿಸಿ, ಅಪಾರ್ಥವಾದೀತೆಂದು ತಕ್ಷಣ, "ಮಹಡೀಲಿ, ಮಹಡೀಲಿ" ಅಂತಿದ್ದ.

ನಾಲ್ಕು ಹೆಸರನ್ನು ಬಿಟ್ಟು ಉಳಿದದ್ದೂ ಅಮ್ಮನ ಕುತ್ತಿಗೆಗೆ ಬಂದಿತ್ತು. ಕಾರ್ಡು ನೋಡಿದವರು ಎಲ್ಲವನ್ನೂ ಒಟ್ಟಿಗೆ ಕೇಳುತ್ತಾರೆ. ಒಂದು ಟೇಬಲ್ಲಿಗೆ ಸೂಪು, ಒಂದಕ್ಕೆ ಇಡೀ ಮೀನು, ಇನ್ನೊಂದಕ್ಕೆ ನಲವತ್ತು ನಿಮಿಷ ಬೇಯುವ ಕೋಳಿ.

"ಕೋಳಿ ಇನ್ನೂ ಎಷ್ಟೊತ್ತು ಅಂತ ಕೇಳ್ತಿದ್ದಾರೆ," ಅಣ್ಣ ಕಿಂಡಿಗೆ ಬಂದ.

"ಮೊಟ್ಟೆಯಿಂದ ಹೊರಗೆ ಬಂದಿದೆ ಅಂತ ಹೇಳು."

"ಅಮ್ಮ, ತಮಾಷೆ ಬೇಡ. ಕಾಯ್ತಿದ್ದಾರೆ."

"ಮಾವ ಇದ್ದಾಗ ಒಲೆಗೂ ಉಸಿರಾಡೋಕ್ಕೆ ಬಿಡ್ತಿದ್ರು. ನಿನ್ನ ಕಾರ್ಡಿಗೆ ಮೂಗಿದೆಯೇನೋ, ಇಲ್ಲಿ ಹೊಗೆ ಬರ್ತಿದೆ ಅಂತ ಗೊತ್ತಾಗೋಕ್ಕೆ?"

"ಎಲ್ಲಾ ನನ್ನ ತಪ್ಪು. ಮತ್ತೆ ಸೋಫಾ ಮಾರೋಕ್ಕೆ ಹೋಗ್ಲಾ?"

"ಹೋಗು. ಅದರ ಮೇಲೆ ಕೂತಾದ್ರೂ ಕಾಯ್ತಾರೆ."

ಹೇಳಿ ಅವಳೇ ಬೇಜಾರು ಮಾಡಿಕೊಂಡಳು. ಸಂಜೆ ಅಣ್ಣನಿಗೆ ಎರಡು ಮೊಟ್ಟೆ ಹೆಚ್ಚಿಗೆ ಹುರಿದಿಟ್ಟಳು. ಅವನು ತಿನ್ನದೆ ಮೂಲೆಯ ಹೋಟೆಲಿನ ಎದುರು ಹೋಗಿ ನಿಂತು ಬಂದ.

ಆ ವಾರ ಅಪ್ಪ ಒಂದು ಚೀಟಿ ತಂದ. ಮಂಗಳವಾರ ಹತ್ತೂವರೆಗೆ ತಲೆ ಡಾಕ್ಟರ ಹತ್ತಿರ ತಾತನನ್ನು ಕರೆದೊಯ್ಯುವುದು. "ಸುಮ್ಮನೆ ನಾಲ್ಕು ಪ್ರಶ್ನೆ ಕೇಳ್ತಾರಂತಪ್ಪ," ಅಂತ ತಾತನಿಗೆ ಹೇಳುವಾಗ ಅಪ್ಪ ಕಿಟಕಿ ಕಡೆ ನೋಡುತ್ತಿದ್ದ. "ಇವತ್ತು ಯಾವ ವಾರ, ಆ ಥರದ್ದು."

"ಗೊತ್ತು," ಅಂದ ತಾತ. "ಯಾವ ವಾರ ಅಂತಾನೂ ಗೊತ್ತು."

ಭಾನುವಾರ ಬೆಳಿಗ್ಗೆ ನಾನು ಬೆಳ್ಳುಳ್ಳಿ ಬುಟ್ಟಿ ತರಲು ಮೇಲೆ ಹೋದೆ. ತಾತ ಮಂಚದ ಅಂಚಿನಲ್ಲಿ ಕೂತು, ದಿಂಬಿನ ಕೆಳಗಿಂದ ಒಂದು ಮೆನು ಕಾರ್ಡು ತೆಗೆದ.

"ರೀಲು, ಬಾಗಿಲು ಹಾಕು. ಇದನ್ನ ಹಿಡ್ಕೊ. ನಾನು ಹೇಳ್ತೀನಿ, ತಪ್ಪಿದ್ರೆ ನಿಲ್ಲಿಸು."

"ಯಾಕೆ ತಾತ?"

"ಡಾಕ್ಟರು ಕೇಳ್ತಾರಲ್ಲ. ನಿನ್ನೆ ನಿಮ್ಮಪ್ಪನ ಹತ್ತಿರ ಎರಡು ಸಲ ಓದಿಸ್ಕೊಂಡೆ. ಈಗ ಪೂರ್ತಿ ಬರುತ್ತೆ."

ಶುರು ಮಾಡಿದ. ಮುಖ ನೋಡಿ ಹೇಳುವ ಹಾಗಲ್ಲ, ಶಾಲೆಯ ಹುಡುಗ ಮಗ್ಗಿ ಒಪ್ಪಿಸುವ ಹಾಗೆ, ಗೋಡೆ ನೋಡಿಕೊಂಡು. ಹದಿನೆಂಟು ಐಟಂ ಸರಿಯಾಗಿ ಬಂತು. ಹತ್ತೊಂಬತ್ತಕ್ಕೆ ನಿಂತ. ಬೆರಳು ಮಡಚಿದ, ಬಿಡಿಸಿದ.

"ಹಣ್ಣಿಂದು ಏನೋ ಇದೆ. ಹೇಳ್ಬೇಡ. ನಿಂಬೆ... ಅಲ್ಲ." ಹಣೆಯ ಮೇಲೆ ಅಂಗೈಯಿಂದ ಮೆತ್ತಗೆ ಬಡಿದುಕೊಂಡ. "ನೋಡು, ಇದೊಂದು ಪ್ರತಿ ಸಲ ಹೋಗುತ್ತೆ. ಹೇಳಿದ್ದೇ ನಾನಂತೆ, ಹೇಳಿದೋನಿಗೇ ಮರೆತ್ರೆ?"

"ಕಿತ್ತಳೆ, ತಾತ."

"ಹಾಂ. ಕಿತ್ತಳೆ ರಸದಲ್ಲಿ ಬೆಂದ ಮೀನು. ಕಿತ್ತಳೆ. ಕಿತ್ತಳೆ." ಇನ್ನೂ ಮೂರು ಸಲ ಹೇಳಿಕೊಂಡ, ಸ್ಪಷ್ಟವಾಗಿ.

ನಾನು ಬುಟ್ಟಿ ಅಲ್ಲೇ ಬಿಟ್ಟು ಕೆಳಗೆ ಬಂದೆ. ಮತ್ತೆ ಮೇಲೆ ಹೋದೆ. ಮತ್ತೆ ಕೆಳಗೆ. ಹದಿನಾಲ್ಕು ಮೆಟ್ಟಿಲಿಗೆ ಎಷ್ಟು ಸಲ ಕಾಲು ಕೊಟ್ಟೆನೋ. "ನಿನಗೇನು ಭೇದಿಯಾ?" ಅಂದಳು ಅಮ್ಮ.

ಅವತ್ತು ಊಟಕ್ಕೆ ತಾತನನ್ನು ಕೈ ಹಿಡಿದು ಕೆಳಗೆ ಕರೆದುಕೊಂಡು ಬಂದೆ. ಮನಸ್ಸಿನಲ್ಲಿ ಪೂರ್ತಿ ಡೈಲಾಗ್ ಸಿದ್ಧವಾಗಿತ್ತು. "ಕೇಳಿಸಿಕೊಳ್ಳಿ, ಕೋರ್ಟು ನಿಮ್ಮದು, ಕೈದಿ ನಾನು," ಅಂತ ಶುರು ಮಾಡಿ, ಕುರ್ಚಿಯ ಮೇಲೆ ಒಂದು ಕಾಲಿಟ್ಟು, ನಿಧಾನವಾಗಿ ತಿರುಗಿ. ಎಲ್ಲರೂ ಕೂತ ಮೇಲೆ ನೋಡಿದರೆ ಬಾಯಲ್ಲಿ ಅನ್ನ.

"ಆ ಐಟಂಗಳನ್ನ ನಾನು ಬರೆದದ್ದು," ಅಂದೆ. "ತಾತ ಹೇಳ್ಲಿಲ್ಲ. ತಮಾಷೆಗೆ. ನೀವು ಪ್ರೂಫಿನಲ್ಲಿ ಹಿಡೀತೀರ ಅಂದ್ಕೊಂಡೆ."

ಅಪ್ಪ ಮೊದಲು ಅರ್ಥವಾಗದೆ ನಕ್ಕ. ಅಣ್ಣ ತಟ್ಟೆ ತಳ್ಳಿ ಎದ್ದ. ಅವನು ಕೂಗಲಿಲ್ಲ, ಅದು ಇನ್ನೂ ಕಷ್ಟ.

"ಮೂರು ವಾರ," ಅಂದ. "ಮೂರು ವಾರ ಮೇಲೆ ಆ ಹೆಜ್ಜೆ ಕೇಳಿಸ್ತಾ ಇತ್ತು. ನೀನು ಕೆಳಗೆ ನೀರು ಇಡ್ತಾ ಇದ್ದೆ."

"ಹೇಳ್ಬೇಕು ಅಂತ..."

"ಮಂಗಳವಾರ ಅವನನ್ನ ಡಾಕ್ಟರ ಮುಂದೆ ಕೂರಿಸ್ತಿದ್ವಿ ಕಣೇ. ಸಿನಿಮಾನಾ ಇದು?"

ಅಮ್ಮ ನನ್ನ ತಟ್ಟೆಯನ್ನು ಎತ್ತಿ ಬದಿಗಿಟ್ಟಳು. "ಹೊಟ್ಟೆ ತುಂಬಾ ಉಣ್ಣೋ ಯೋಗ್ಯತೆ ಇವತ್ತು ನಿನಗಿಲ್ಲ. ಏಳು."

ಏಳುವಷ್ಟರಲ್ಲಿ ತಾತ ನನ್ನ ಮಣಿಕಟ್ಟು ಹಿಡಿದ. ಹಿಡಿತ ಗಟ್ಟಿಯಾಗಿತ್ತು.

"ನಾಲ್ಕೂ?" ಅಂದ.

"ಹೂಂ."

"ಮೀನು?"

"ನಾನೇ."

"ಈರುಳ್ಳಿನೂ?"

ಮಂಜು ಕಟ್ಟಿದ ಕಣ್ಣು ನನ್ನ ಮುಖದ ಮೇಲೆ ನಿಂತಿತ್ತು. ಗಿರಾಕಿಗಳನ್ನು ನೋಡುವ ಹಾಗೇ.

"ಈರುಳ್ಳಿನೂ ನಾನೇ, ತಾತ. ನಾಲ್ಕೂ ನನ್ನವೇ."

ತಾತ ಮಣಿಕಟ್ಟು ಬಿಟ್ಟ. ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡ, ಎರಡನೇ ಸಲ ಹಾಕಿಸಿಕೊಂಡ, ಕೈ ತೊಳೆದು ಬಂದು ಅಮ್ಮನನ್ನು ಕೇಳಿದ, "ಸಂಜೆಗೆ ಏನೇನಿದೆ?"

"ಬೇಳೆ ಸೂಪು ಇದೆ ಮಾವ. ಕೋಳಿ ಬೇಡ, ನನಗೆ ಸೊಂಟ ನೋವು."

"ಕೋಳಿ ಇಲ್ಲ," ಅಂತ ತಾತ ತನಗೇ ಹೇಳಿಕೊಂಡು ಎರಡನೇ ಟೇಬಲ್ಲಿನ ಕುರ್ಚಿ ಸರಿ ಮಾಡಿದ. ಅಪ್ಪ ಡಾಕ್ಟರ ಚೀಟಿಯನ್ನು ಹರಿದು ಕಸಕ್ಕೆ ಹಾಕಿದ.

ನನಗೆ ಶಿಕ್ಷೆಯಾಯಿತು. ಅರವತ್ತು ಕಾರ್ಡು, ಹಂಚದೆ ಉಳಿದ ಎರಡು ಸಾವಿರದಷ್ಟು ಕರಪತ್ರ, ಒಂದೊಂದರಲ್ಲೂ ನಾಲ್ಕು ಸಾಲಿನ ಮೇಲೆ ಕಪ್ಪು ಮಾರ್ಕರಿನಿಂದ ಗೆರೆ. ಐದು ದಿನ ಹಿಡಿಯಿತು. ಪ್ರೆಸ್ ಅಕ್ಕ ಬಂದು ನೋಡಿ, "ಇಷ್ಟು ವರ್ಷದಲ್ಲಿ ಇಂಥ ತಿದ್ದುಪಡಿ ನೋಡಿಲ್ಲ" ಅಂತ ಎರಡು ಮಾರ್ಕರ್ ಉಚಿತವಾಗಿ ಕೊಟ್ಟಳು. ಅಣ್ಣ ಒಂಬತ್ತು ದಿನ ನನ್ನ ಜೊತೆ ಮಾತಾಡಲಿಲ್ಲ. ಹತ್ತನೇ ದಿನ, "ಗೆರೆ ಓರೆಯಾಗಿದೆ" ಅಂದ. ಕರಪತ್ರ ನೋಡಿ ಫೋನಿನಲ್ಲಿ ಆರ್ಡರ್ ಮಾಡುವವರು ಹೆಚ್ಚಾದರು, ಅದನ್ನೆಲ್ಲ ಈಗ ಅಣ್ಣನೇ ನೋಡಿಕೊಳ್ಳುತ್ತಾನೆ. ಗಲ್ಲಾದ ಪಕ್ಕದ ಮೂಲೆ ಅವನದಾಗಿದೆ. ಕಾ‌ರ್ಡುಗಳು ಗಲ್ಲಾದ ಕೆಳಗೆ ಇವೆ, ಕೇಳಿದವರಿಗೆ ಮಾತ್ರ. ಹಾಲ್ ತಾತನದು.

ಕಥೆ ಇಲ್ಲಿಗೆ ನಿಲ್ಲಿಸಿದರೆ ನಾನು ಹೀರೋಯಿನ್. ಆದರೆ ಶುರುವಿನಲ್ಲಿ ನಿಮಗೆ ಹೇಳಿದ್ದು ಬುರುಡೆ. ನಾನು ಬರೆದದ್ದು ಮೂರೇ. ಮೀನು, ಆಮ್ಲೆಟ್, ಸೌತೆಕಾಯಿ.

ನಾಲ್ಕನೆಯದು ತಾತ ಹೇಳಿದ್ದು. ನಾನು ಶಾಲು ಹೊದ್ದು ಮುದುಕಿಯಾಗಿ ಕೂತಾಗ, ಅವನು ಬಹಳ ಹೊತ್ತು ನನ್ನನ್ನು ನೋಡಿ, "ದೂರದಿಂದ ನಡೆದು ಬಂದಿದ್ದೀಯ, ಬೂದಿಯಲ್ಲಿ ಸುಟ್ಟ ಈರುಳ್ಳಿ ಇದೆ, ಮೇಲೆ ಬೆಲ್ಲ ಹಾಕಿ ಕೊಡ್ತೀನಿ" ಅಂದ. ನಾನು ಕೂಡಲೇ ನಕ್ಕೆ. ಅವನು ನಗಲಿಲ್ಲ. ತಾತನೂ ಆ್ಯಕ್ಟಿಂಗ್ ಮಾಡುತ್ತಿದ್ದಾನೆ, ನನಗಿಂತ ಚೆನ್ನಾಗಿ ಮಾಡುತ್ತಿದ್ದಾನೆ ಅಂದುಕೊಂಡು ಬರೆದುಕೊಂಡೆ. ಆ ಧೈರ್ಯದ ಮೇಲೇ ಉಳಿದ ಮೂರನ್ನು ಸೇರಿಸಿದ್ದು. ಪ್ರೂಫ್ ಓದುವಾಗ ಮೂರನ್ನು ಹಾರಿಸಿದೆ, ಈರುಳ್ಳಿಯನ್ನು ಹಾರಿಸಲಿಲ್ಲ. ಅದಕ್ಕೂ ಅವನು ಕಣ್ಣು ಮುಚ್ಚಿ ತಲೆಯಾಡಿಸಿದ. ಅದು ಎಲ್ಲಿಯದೋ, ಯಾರು ಯಾರಿಗೆ ಸುಟ್ಟು ಕೊಟ್ಟದ್ದೋ ನನಗೆ ಗೊತ್ತಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದೆ ಅಂತ ಕೇಳಿಲ್ಲ.

ಡಾಕ್ಟರ ಚೀಟಿ ಹರಿದದ್ದು ನನ್ನ ಆ ಒಂದು ಸುಳ್ಳಿನ ಮೇಲೆ. ಅಪ್ಪನಿಗೆ ಹೇಳಬೇಕು. ದಿನಾ ಗಲ್ಲಾದ ತನಕ ಹೋಗುತ್ತೇನೆ, ನೀರಿನ ಜಗ್ಗು ತೆಗೆದುಕೊಂಡು ವಾಪಸ್ ಬರುತ್ತೇನೆ. ಈಗ ತಾತ ಯಾವ ಟೇಬಲ್ಲಿಗೆ ಹೋದರೂ ಜಗ್ಗು ಹಿಡಿದು ಅವನ ಹಿಂದೆಯೇ ನಿಲ್ಲುತ್ತೇನೆ.

ನಿನ್ನೆ ಏಳನೇ ಟೇಬಲ್ಲಿಗೆ ಒಬ್ಬ ಹೆಂಗಸು ಬಂದು ಕೂತಳು. ಚಪ್ಪಲಿ ತುಂಬಾ ಧೂಳು, ಪಕ್ಕದಲ್ಲಿ ಭಾರದ ಚೀಲ. ತಾತ ಎರಡು ಕೈ ಊರಿ ಮುಖ ನೋಡಿದ. ಸೂಪು ಹೇಳಿದ, ಬಿಸಿ ಬ್ರೆಡ್ಡು ಹೇಳಿದ.

"ಬೂದಿಯಲ್ಲಿ ಸುಟ್ಟ ಈರುಳ್ಳಿ ಇದೆ," ಅಂದ. "ಮೇಲೆ ಬೆಲ್ಲ."

"ಅದನ್ನೇ ಕೊಡಿ," ಅಂದಳು ಅವಳು.

ನಾನು ಬಗ್ಗಿ ಲೋಟಕ್ಕೆ ನೀರು ತುಂಬಿಸಿದೆ. "ಅದು ಈಗಷ್ಟೇ ಖಾಲಿಯಾಯ್ತು, ತಾತ."

ತಾತ ನನ್ನನ್ನು ನೋಡಿದ. ಆಮೇಲೆ ಅವಳ ಕಡೆ ತಿರುಗಿದ.

"ಖಾಲಿಯಂತಮ್ಮ," ಅಂದ. "ಸ್ವಲ್ಪ ಬೇಗ ಬರಬೇಕಿತ್ತು ನೀವು."